ಬಲಗಡೆ ಬಾಗಿಲು

ಪಿನ್ನರೂ ಊರಿನಾಚೆ, ಗೋಧಿ ಹೊಲದ ಬದುವಿನಲ್ಲಿ
ಚಕ್ರವಿಲ್ಲದೆ ಹೊಟ್ಟೆಯೂರಿ ಕೂತಿತ್ತು
ಮೂವತ್ತಾರರ ಫೋರ್ಡ್ ಕೂಪೆ.
ಒಳಗೆ ಹನ್ನೊಂದು ಕೋಳಿ.
ಸ್ಟೇರಿಂಗ್ ಮೇಲೊಂದು ಹುಂಜ,
ಲೈಸೆನ್ಸ್ ಕೇಳುವ ಪೊಲೀಸಿನವನ ಹಾಗೆ ನೋಡಿತು.

ಒಡತಿ ಮಿಸೆಸ್ ಟ್ರೆಗೋನಿಂಗ್ ಅಂದಳು:
"ದುಡ್ಡಿನ ಮಾತು ಆಮೇಲೆ,
ಮೊದಲು ಇವಕ್ಕೊಂದು ಸೂರು ಮಾಡಿಕೊಡು."
ಮಾಡಿಕೊಟ್ಟೆ. ಹಲಗೆ, ಜಾಲರಿ,
ನರಿಯ ಮೂತಿಗೆ ಬಗ್ಗದ ಅಗುಳಿ.
ಎಲ್ಲ ಇಳಿದವು, ಒಂದು ಕಂದು ಹೇಂಟೆ ಬಿಟ್ಟು.
ಅದು ಡಿಕ್ಕಿಯಲ್ಲಿ ಕಾವಿಗೆ ಕೂತಿತ್ತು.
"ಇನ್ನು ಒಂಬತ್ತು ದಿನ," ಅಂದಳು.
ಕಾದೆ. ಕಬ್ಬಿಣಕ್ಕೇನು ಅವಸರ,
ಎಂಬತ್ತು ವರ್ಷ ಕಾದಿತ್ತಲ್ಲ.

ಎಲಿಜಬೆತ್ ಪಟ್ಟಣದ ನನ್ನ ಗ್ಯಾರೇಜಿಗೆ ತಂದು
ಸ್ಕ್ರೂಡ್ರೈವರಿನಿಂದ ಚುಚ್ಚಿದರೆ
ಕಾಲಡಿಯ ತಗಡು ಹಪ್ಪಳ.
ಬೀದಿಯೆಲ್ಲ ಬಂದು ನೋಡಿತು, ನಗಾಡಿತು.
ಬ್ರೂನೊ ಮಾತ್ರ ನಗಲಿಲ್ಲ:
"ಹೋಲ್ಡನ್ನಿನ ಉಪ್ಪು ತಿಂದವನು ನೀನು,
ಫೋರ್ಡ್ ಕಟ್ಟೋದಾ?"
ಹೋದ. ಎಂಟು ತಿಂಗಳು
ನನ್ನ ಗೇಟು ಬಂದಾಗ ಆಚೆ ಫುಟ್‌ಪಾತು ಹಿಡಿದ.

ಚಾವಣಿ ತಗ್ಗಿಸಬೇಕೆಂದು ನನ್ನ ಹಟ.
ಮೂರಿಂಚು. ಅಳೆದೆ, ಟೇಪು ಅಂಟಿಸಿದೆ, ಮತ್ತೆ ಅಳೆದೆ,
ಒಂದು ವಾರ ಗರಗಸ ಮುಟ್ಟಲಿಲ್ಲ.
ಕೊಯ್ದ ಮೇಲೆ ಗೊತ್ತಾಯಿತು,
ಕಂಬಗಳೆಲ್ಲ ಒಳಕ್ಕೆ ವಾಲಿ ನಿಂತವು,
ಮೇಲಿನದು ಇಳಿದರೆ ಕೆಳಗಿನದಕ್ಕೆ ಕೂಡದು.
ಗಿಡ್ಡ ಮಾಡಬೇಕಾದರೆ ಮೊದಲು ಅಡ್ಡ ಸೀಳಿ
ಉದ್ದ ಮಾಡಬೇಕು.
ಆ ರಾತ್ರಿ ತಲೆಯಿಲ್ಲದ ಕಾರಿನೊಳಗೆ ಕೂತು
ಒಂದು ಬಿಯರು ಕುಡಿದೆ, ಅಷ್ಟೆ.

ನಡುನೆತ್ತಿಯ ತೂತಿಗೆ
(ಆಗಿನವರು ಅಲ್ಲಿ ಬಟ್ಟೆ ಹೊದಿಸಿದ್ದರು)
ತಗಡು ಹುಡುಕುತ್ತಿದ್ದೇನೆಂದು ಯಾರು ಹೇಳಿದರೋ,
ಒಂದು ಬೆಳಿಗ್ಗೆ ಗೇಟಿಗೊರಗಿ ನಿಂತಿತ್ತು
ಹೋಲ್ಡನ್ ವ್ಯಾಗನ್ನಿನ ಚಾವಣಿ, ಇಡಿಯಾಗಿ.
ಚೀಟಿ ಇರಲಿಲ್ಲ.
ಅಂಚು ಉಜ್ಜಿದ ರೀತಿಯಲ್ಲೇ ಬ್ರೂನೊನ ಕೈ ಗೊತ್ತಾಗುತ್ತದೆ.

ದೆಸಾಂಕಾ ಸೀಟು ಹೊಲಿದಳು, ಕೆಂಪು.
ಹಳೆಯ ಸ್ಪ್ರಿಂಗಿನೊಳಗೆ ಸಿಕ್ಕ ಕಂದು ಗರಿಯೊಂದನ್ನು
ಎಸೆಯಲಿಲ್ಲ, ಒಳಗಿಟ್ಟೇ ಹೊಲಿಗೆ ಮುಚ್ಚಿದಳು.
ಯಾಕೆ ಅಂದರೆ, ಬಾಯಲ್ಲಿ ಸೂಜಿಯಿತ್ತು, ಹೇಳಲಿಲ್ಲ.

ಇನ್ನು ಬಾಗಿಲು.
ಫ್ಯಾಕ್ಟರಿಯಲ್ಲಿ ನಮಗೆ ಹೆಸರಿನ ಬಳಕೆ ಕಡಿಮೆ:
ಬ್ರೂನೊ ಅಂದರೆ ಚಾವಣಿ, ದೆಸಾಂಕಾ ಸೀಟು,
ನಾನು ಎಡಗಡೆ ಬಾಗಿಲು.
ಇಪ್ಪತ್ತಾರು ವರ್ಷ, ಬಾಗಿಲಿಗೆ ಐವತ್ತು ಸೆಕೆಂಡು,
ಎಡಗಡೆಯದೇ.
ಈಗಲೂ ಕೂಪೆಯ ಎಡಬಾಗಿಲು
ಬೆರಳು ತಾಗಿಸಿದರೆ ಸಾಕು, ಕ್ಲಿಕ್.
ಬಲಗಡೆಯದು, ಈ ದೇಶದಲ್ಲಿ ಡ್ರೈವರು ಹತ್ತುವ ಕಡೆಯದು,
ಆರು ಸಲ ಬಿಚ್ಚಿದೆ, ಆರು ಸಲ ತೊಡಿಸಿದೆ,
ಮುನಿದ ಮಗುವಿನ ಕೆಳದುಟಿಯ ಹಾಗೆ
ಮುಂದಕ್ಕೆ ಚಾಚಿಯೇ ಇರುತ್ತದೆ.

ಬಲಗಡೆ ಬಾಗಿಲು ಎಂದರೆ ಕಾಲಿನ್ ಪ್ರಿಸ್ಕ್.
ಗಾಜು ಕೂರಿಸದ ಎರಡು ಕಿಟಕಿಗಳಾಚೆ
ಒಂದು ಮುಖವಾಡ, ಒಂದು ಜೊತೆ ಗ್ಲವ್ಸು.
ಕಾರು ಮುಂದೆ ಸರಿದಾಗ ಒಂದು ಕ್ಷಣ ಇಡೀ ಮನುಷ್ಯ,
ಅಷ್ಟರಲ್ಲಿ ಇನ್ನೊಂದು ಕಾರು.

ಫೋನು ಮಾಡಿದೆ. ವೈಯಾಲಾದಲ್ಲಿ ಮಗಳ ಮನೆಯಲ್ಲಿದ್ದಾನೆ,
ಕೈ ನಡುಗುತ್ತದಂತೆ.
"ಸಂದು ಎಷ್ಟು?"
"ಆರು ಮಿಲಿಮೀಟರು."
"ಮೇಲೋ, ಕೆಳಗೋ?"
"ಕೆಳಗೆ."
ಬಹಳ ಹೊತ್ತು ಉಸಿರು ಮಾತ್ರ ಕೇಳಿಸಿತು.
"ಮಂಗಳವಾರದ ಬಸ್ಸಿಗೆ ಬರ್ತೀನಿ.
ಅಲ್ಲೀತನಕ ಏನನ್ನೂ ಮುಟ್ಟಬೇಡ."

ಮುಟ್ಟಿಲ್ಲ.
ಎಡಗಡೆಯಿಂದ ಹತ್ತಿ, ಕೆಂಪು ಸೀಟಿನ ಮೇಲೆ ಜಾರಿ
ಸ್ಟೇರಿಂಗ್ ಹಿಂದೆ ಕೂರುತ್ತೇನೆ.
ಗಾಜಿನಲ್ಲಿ ಬೀದಿಯೆಲ್ಲ ಕಾಣುತ್ತದೆ,
ಆಕಾಶ ಮಾತ್ರ ಮೂರಿಂಚು ಕಮ್ಮಿ.
ಇವತ್ತಿನ್ನೂ ಶುಕ್ರವಾರ.