ಕೆಳಗ ಸಹಿ

ಮಾನ್ವಿ ತಹಶೀಲ ಕಚೇರಿ ಗೇಟಿನ ಬಲಕ್ಕ
ಸ್ಟಾಂಪ್ ಮಾರೋ ರುದ್ರಗೌಡನ ಛತ್ರಿ ಪಕ್ಕ
ಮೂರು ಕಾಲಿನ ಟೇಬಲ್ಲು, ನಾಕನೇದಕ್ಕ ಇಟ್ಟಂಗಿ.
ಅದು ನಂದು. ಅರ್ಜಿಗೆ ಐವತ್ತು, ಬಡವರಿಗೆ ಮೂವತ್ತು.
ಬಡವರಲ್ಲದವರು ಇಲ್ಲಿ ಬರೋದಿಲ್ಲ, ಅದು ಬ್ಯಾರೆ ಮಾತು.

ಹೋದ ಯುಗಾದಿಯಿಂದ ಬರಿಯೋನು ನಾನಲ್ಲ,
ಫೋನಿನೊಳಗಿನ ಅದು.
"ಮಾನ್ಯರೇ" ಅಂಬೋದು ನನಗಿಂತ ಚಂದ ಅಂತದ.

ಹುಸೇನಮ್ಮ ಬಂದು ಕುಂತಳು. "ಬರಿ."
ಏನಂತ?
"ಆಗಿದ್ದು ಬರಿ. ಊರಿಗೆಲ್ಲ ಗೊತ್ತದ."
ಗಂಡ?
"ಇಲ್ಲ."
ಅಷ್ಟೇ ಒತ್ತಿದೆ, ಅವಸರಗೇಡಿ ನಾನು.
ವಿಧವಾ ವೇತನಕ್ಕ ಬರದು ಕೊಟ್ಟಿತು, "ದಿವಂಗತ ಪತಿ" ಅಂತ.
ಓದಿ ಹೇಳಿದರ ಅಕಿ ಬಾಯಿಗೆ ಸೆರಗು ಒತ್ತಿ ನಕ್ಕಳು:
"ಸತ್ತಿಲ್ಲೋ ಯಪ್ಪಾ,
ಸಿರವಾರದಾಗ ಇನ್ನೊಬ್ಬಾಕಿ ಮನ್ಯಾಗ ಉಣ್ಣಾಕತ್ತಾನ."

ತಪ್ಪಾಯಿತು ಅಂತು. ಆಮ್ಯಾಲ ಒಂದೇ ಪ್ರಶ್ನೆ:
ಈ ಅರ್ಜಿಯಿಂದ ಅವರಿಗೆ ಏನಾಗಬೇಕಿದೆ?
ಮೂವತ್ತು ವರ್ಷ ಬರದೀನಿ, ಹಂಗ ಕೇಳಿದ ನೆನಪಿಲ್ಲ.
ಬೇವಿನಕಾಯಿ ಒಂದನ್ನ ಚಪ್ಪಲಿ ಕೆಳಗ ಉರುಳಿಸಿಕೊಂತ
ಭಾಳ ಹೊತ್ತು ಕುಂತು ಅಂದಳು:
"ರೇಶನ್ ಕಾರ್ಡಿನಾಗ ಅವನ ಹೆಸರಿನ ಕೆಳಗ ನನ್ನ ಹೆಸರದ.
ತಗಿಸು."
ನಾಕೇ ಸಾಲಿನ ಅರ್ಜಿ.

ಮಧ್ಯಾಹ್ನ ಇನ್ನೊಬ್ಬ. ಇಸ್ತ್ರಿ ಅಂಗಿ. ಹೆಸರು ಹೇಳಲಿಲ್ಲ.
ಐನೂರರ ನೋಟು ಸ್ಟಾಂಪ್ ಪ್ಯಾಡಿನ ಡಬ್ಬಿ ಕೆಳಗ.
ಅಂಗನವಾಡಿ ಶರಣಮ್ಮನ ಮ್ಯಾಲೆ ಬರೀಬೇಕು,
ನಡತಿ ಸರಿಯಿಲ್ಲಂತ, ಕೊನಿಗೆ "ನೊಂದ ಗ್ರಾಮಸ್ಥರು" ಅಂತ.
ಏನು ಕಂಡೀರಿ?
"ಕಾಣೋದು ಯಾಕ ಬೇಕು? ನೀ ಚಂದ ಬರಿ."

ಅದು ಬರೀಲಿಲ್ಲ.
ಇಲ್ಲದ ಆರೋಪ ಕಟ್ಟಿಕೊಡಲಾರೆ,
ಮಕ್ಕಳ ಮೊಟ್ಟೆ, ಹಾಲಿನ ಪುಡಿ,
ನಿಜವಾದ ದೂರೇನಾದರೂ ಇದ್ದರೆ ಹೇಳಿ, ಬರೆಯೋಣ ಅಂತು.
ಸಿಟ್ಟಿಲ್ಲ. ಬುದ್ಧಿಮಾತೂ ಇಲ್ಲ.
ಅದಕ್ಕೇನು, ಹೊಟ್ಟಿ ಇಲ್ಲ,
ಸಂಜಿಗೆ ಮನಿಗೆ ಜ್ವಾಳ ಒಯ್ಯೋದಿಲ್ಲ.

ಅವ ನನ್ನ ಕಿಸೆ ನೋಡಿದ.
ಪೆನ್ನಿತ್ತಲ್ಲ.
ಈ ಪೆನ್ನು ಎಂದೂ ಏನೂ ಕೇಳಿಲ್ಲ.
ಕವಿತಾಳದ ಮಾಸ್ತರ ಒಬ್ಬನ ಮ್ಯಾಲೆ ಬರಿ ಅಂದಾಗ ಬರೀತು,
ಎಡಗೈಲೆ, ಅಕ್ಷರದ ಗುರ್ತು ಹತ್ತಬಾರದಂತ.
ಆ ಮಾಸ್ತರ ಈಗ ಎಲ್ಲದಾನೋ. ನಾ ವಿಚಾರಿಸಿಲ್ಲ.

ಹಾಳಿ ತಗದೆ. ಮುಚ್ಚಳ ಬಿಚ್ಚಿದೆ.
ಪೆನ್ನು ಎಡಗೈಗೆ ದಾಟಿಸಿದ್ದೂ ಖರೇ.
ಆಮ್ಯಾಲ ನನ್ನ ಬಾಯಿ ನನ್ನ ಕೇಳದ ಅಂದುಬಿಟ್ಟಿತು:
"ಕೆಳಗ ಸಹಿ ಯಾರದು?"

ನೋಟು ತಗೊಂಡು ಎದ್ದ.
ಮುಂದಿನ ಟೇಬಲ್ಲು ಅಮರಣ್ಣಂದು.
ಅವನ ಹಂತ್ಯಾಕ ಇನ್ನೂ ಬರೇ ಪೆನ್ನದ.