ಕರೆಂಟ್ ಹೋದ ಮ್ಯಾಲೆ

ಗದಗಿನ ಪ್ಯಾಸೆಂಜರ್ ಇಳಿದು, ಗಿಟಾರು ಹೆಗಲಿಗೇರಿಸಿ,
ದಾಜಿಬಾನ ಪ್ಯಾಟಿ ಸಂದಿಯೊಳಗ
ಕುಕ್ಕರ್ ರಿಪೇರಿ ಅಂಗಡಿ ಮ್ಯಾಲಿನ ಖೋಲಿಗೆ
ಹದಿನೇಳು ಮೆಟ್ಟಲ ಹತ್ತಿದೆ.
ಇಪ್ಪತ್ತೆರಡು ಸಾವಿರ, ಎಕ್ಸ್‌ರೇ ಲಕೋಟೆಯೊಳಗ:
ಅದರಾಗ ರೊಕ್ಕ ಮಡಚೂದಿಲ್ಲ.

"ಮದಲ ಕೂಡು ತಂಗಿ," ಅಂದ್ರು ಖತಾಲಸಾಬರು.
"ಬಾಟ್ಲಿ ಬೆಚ್ಚಗಾಗದ ಬಾಯಿ ತಗ್ಯಾಂಗಿಲ್ಲ."
ವಾಲ್ವಿಗೆ ಅವರು ಬಾಟ್ಲಿ ಅಂತಾರ.
ಮೂರು ಆಂಪ್ಲಿಫೈಯರು. ಮೂರರ ಬೆನ್ನೂ ಬಿಚ್ಚಿತ್ತು.

ದಿನಾ ಬೆಟಗೇರಿಯೊಳಗ ಮಂದಿ ಎಲುಬಿನ ಚಿತ್ರ ತಗಿಯಾಕಿ ನಾನು,
ಗಾಜಿನೊಳಗ ತಂತಿ ಕೆಂಪಾಗೂದು, ಅದಕ್ಕ ಕಾಯೂದು ಹೊಸಾದಲ್ಲ.
ಅಲ್ಲೆ, ಉಸಿರು ಹಿಡೀರಿ, ಅಂತೀನಿ.
ಇಲ್ಲೆ ನಾನ ಹಿಡಿದೆ.

ಮೊದಲನೇದು ರೇಲ್ವೆ ಕ್ಲಬ್ಬಿಂದು,
ಕ್ರಿಸ್‌ಮಸ್ ಡಾನ್ಸಿಗೆ ಯಾರೋ ವಾಸ್ಕೋದಿಂದ ತಂದದ್ದು.
ಸಿಕ್ಸ್ ಎಲ್ ಸಿಕ್ಸ್. ಮೀಟಿದರ
ಹುಣಸಿಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳಿ ಕೊಡ,
ಎಲ್ಲಾ ಕಾಣತೈತಿ. ಬೆರಳು ಜಾರಿದ್ದೂ ಕಾಣತೈತಿ.
ಎಳದ ಸ್ವರ ಕೂದಲೆಳಿಯಷ್ಟು ಕಡಿಮಿ ಬಿದ್ದರ
ಬಾಜೂಮನಿ ಆಯಿ ಹಂಗ ಕರದು ಹೇಳತೈತಿ.
ಪೂರಾ ಏರಿಸಿದೆ. ಸಿಟ್ಟಿಗೇಳವಲ್ದು.
"ಭಾಳ ಸಭ್ಯಸ್ಥ," ಅಂದ್ರು ಸಾಬರು, "ಬ್ಯಾಸರಾಗೂವಷ್ಟು."

ಎರಡನೇದು ಹಾವೇರಿ ಆರ್ಕೆಸ್ಟ್ರಾದ್ದು,
ಮಾಲಕ ರಿಪೇರಿ ಬಿಲ್ ಕೊಡಲಾರದ ಬಿಟ್ಟುಹೋದದ್ದು.
ಇಎಲ್ ಮೂವತ್ನಾಕು. ಕೇಳಿದವರು ಹೇಳಿದ್ದರು,
ಗುಂಟೂರ ಕಾಯಿ, ಮೂಗಿಗೇರತೈತಿ, ಹುಷಾರ ಅಂತ.
ಅಲ್ಲ. ಇದು ಬ್ಯಾಡಗಿ.
ಕೈಯೆಲ್ಲ ಕೆಂಪ, ಖಾರ ಅಷ್ಟಕ್ಕಷ್ಟ.
ಒಂದು ಕಾರ್ಡ್ ಹೊಡದು ಬಿಟ್ಟರ
ಬಣ್ಣ ಗ್ವಾಡಿಗೆ ಹತ್ತಿ, ನಿಧಾನಕ್ಕ ಇಳೀತು.
ಲಕೋಟೆ ಮ್ಯಾಲೆ ಕೈ ಹೋತು ನಂದು.

"ತಡಿ," ಅಂದ್ರು.

ಮೂರನೇದಕ್ಕ ಹೆಸರಿಲ್ಲ.
ಟೂರಿಂಗ್ ಟಾಕೀಜಿನ ಎದಿ, ಹಳೇ ಬಾಗಲದ ಸಾಗವಾನಿ ಮೈ,
ಟ್ರಾನ್ಸ್‌ಫಾರ್ಮರ್ ಸಾಬರ ಕೈಲೆ ಸುತ್ತಿದ್ದು,
ಎಣಿಕಿ ತಪ್ಪಿ, ಬಿಚ್ಚಿ, ಮತ್ತ ಸುತ್ತಿದ್ದು.
ಸುಮ್ಮನಿದ್ದಾಗ ಸೈತ ಗುಂಯ್ ಅಂತೈತಿ, ಮಾವಿನ ಬುಟ್ಟಿ ಮ್ಯಾಲಿನ ನೊಣ.
ಮೆಲ್ಲಕ ನುಡಿಸಿದರ ಮೆಲ್ಲಕ.
ಚೂರು ಒತ್ತಿದೆ:
ಸ್ವರದ ಅಂಚಿಗೆ ಒಂದು ಎಳಿ ಬಿಚ್ಚಿಕೊಂತು.
ಒರಟಲ್ಲ, ಗೊಗ್ಗರಲ್ಲ,
ತಂಬೂರಿ ಕುದುರಿ ಮ್ಯಾಲೆ, ತಂತಿ ಕೆಳಗ,
ನೂಲು ಸರಿಸಿದಾಗ ಏಳತೈತಲ್ಲ, ಅದು.

"ಜವಾರಿ," ಅಂದೆ.
"ಮತ್ತೇನು, ಊರಾಗ ಹುಟ್ಟಿದ್ದು," ಅಂದ್ರು.
ನಾನು ತಂಬೂರಿ ಅಂದಿದ್ದೆ, ಅವರು ಕೋಳಿ ತಿಳಕೊಂಡರು.
ತಿದ್ದಲಿಲ್ಲ.

ಆಮ್ಯಾಲೆ ಒಂದ ಗಿಟಾರಿಗೆ ಮೂರನ್ನೂ ಜೋಡಿಸಿದರು.
ಇ ಮೈನರ್, ಆರೂ ತಂತಿ, ಇದ್ದಬದ್ದ ಕಸುವೆಲ್ಲ ಹಾಕಿ
ಹೊಡದೆ
ಹೆಸ್ಕಾಂನವರು ಕರೆಂಟ್ ತಗದರು.

ಫ್ಯಾನು ನಿಂತು. ಕೆಳಗ ಕುಕ್ಕರಿನ ಗ್ರೈಂಡರ್ ನಿಂತು.
ಕಿಡಕಿಯಿಲ್ಲದ ಖೋಲಿ, ಕತ್ತಲದಾಗ ಆರು ಕೆಂಪು ಚುಕ್ಕಿ.
ಸ್ವರ ನಿಂತಿದ್ದಿಲ್ಲ.

ಕ್ಲಬ್ಬಿಂದು ಮೊದಲ ಹೋತು,
ಬರ್ತೀನ್ರಿ ಅಂದು, ಬಾಗಲ ಮುಂದಕ ಮಾಡಿಕೊಂಡು.
ಬ್ಯಾಡಗಿ ಎದಿಯಿಂದ ಹೊಟ್ಟಿಗಿಳಿದು, ಹೊಟ್ಟಿಯಿಂದ ನೆಲಕ್ಕ.
ಮೂರನೇದು ಉಳೀತು. ಎರಡು ಉಸಿರು, ಮೂರು ಉಸಿರು.
ಗುಂಯ್ ಹೋಗಿತ್ತು!
ಅದು ಲೈನಿನ ರೋಗ ಅಂತ, ಲೈನಿನ ಜೋಡಿನ ಹೋತು ಅಂತ.
ಮೊದಲನೇ ಸಲ ಬರೇ ಅದರ ದನಿ ಕೇಳಿಸ್ತು
ಸಣ್ಣಗ, ಸಣ್ಣಗ,
ನೂಲಿನ ತುದಿ ಸೂಜಿಕಣ್ಣು ದಾಟಿಧಾಂಗ.

ಬೆನ್ನು ಮುಟ್ಟಿ ನೋಡೂಣಂತ ಕೈ ಚಾಚಿದೆ.
ಕತ್ತಲದಾಗ ಮಣಿಕಟ್ಟು ಹಿಡದರು:
"ಹೋಗಿದ್ದು ಹೆಸ್ಕಾಂದು. ಒಳಗಿಂದು ಹೋಗಿಲ್ಲ. ಹೊಡಿತೈತಿ."

ಮೇಣಬತ್ತಿ ಹಚ್ಚಿ ರೊಕ್ಕ ಎಣಿಸಿದಿವಿ.
ಗುಂಯ್ ತಗದು ಕೊಡಲೇನು, ಎಂಟು ದಿನ ಬಿಡಬೇಕಾಗತೈತಿ, ಅಂದ್ರು.
ಬ್ಯಾಡ್ರಿ, ಅಂದೆ.

ಹದಿನಾರು ಕಿಲೋ. ಸಂಜಿ ಗಾಡಿ. ಕಾಲಿಡಾಕ ಜಾಗಿಲ್ಲ.
ಅಣ್ಣಿಗೇರಿಯೊಳಗ ಹತ್ತಿದಾಕಿ
ಹಿಂಡಿ ಚೀಲ ಅದರ ಮ್ಯಾಲ ಇಟ್ಟು ಕೇಳಿದಳು,
"ಹೊಲಿಗಿ ಮಷೀನೇನವಾ?"
ಹೂನ್ರಿ, ಅಂದೆ.