ಹನ್ನೆರಡು ಗಂಟೆ ಒಂದು ನಿಮಿಷ

ಹಳೆಯ ಪಾಲಿಸಿ ಈ ರಾತ್ರಿ ಸಾಯುತ್ತದೆ,
ಹನ್ನೆರಡು ಗಂಟೆ ಒಂದು ನಿಮಿಷಕ್ಕೆ.
ಆ ಒಂದು ನಿಮಿಷ ಯಾಕೆ ಅಂತ ಕೇಳಿದ್ದೆ.
ಏಜೆಂಟ್ ಲೆವೆಸ್ಕ್ ಕೆಮ್ಮಿ ಹೇಳಿದ:
ಬರೀ ಹನ್ನೆರಡು ಅಂದರೆ ಅದು ಯಾವ ದಿನದ್ದು ಅಂತ
ಕೋರ್ಟಿನಲ್ಲಿ ಜಗಳ ಬರುತ್ತೆ, ಇಡಲೀನಾ.

ಮೇಜಿನ ಮೇಲೆ ಮೂರು ಕೊಟೇಶನ್ನು,
ಕೆನೆಗಟ್ಟುತ್ತಿರುವ ಕೇಲ್ ಸೊಪ್ಪಿನ ಸೂಪು,
ಮೂಗಿನ ಮೇಲೆ ಮಹಡಿಯಿಂದ ತಂದ ಅಣ್ಣನ ಕನ್ನಡಕ.
ನನಗಿಂತ ಅರ್ಧ ನಂಬರು ಜಾಸ್ತಿ ಅವನದು,
ಈ ಇರುವೆಸಾಲಿನ ಅಕ್ಷರಕ್ಕೆ ಅದೇ ಸರಿ.

ಕಿಟಕಿಯಾಚೆ ಫಾಲ್ ರಿವರ್
ನದಿಯ ಕಡೆಗೆ ಜಾರಿಕೊಂಡು ಮಲಗಿದೆ,
ಮೂರಂತಸ್ತಿನ ಮರದ ಮನೆಗಳು ಹೆಗಲಿಗೆ ಹೆಗಲು ಆತು.
ಎಷ್ಟೊಂದರ ತಲೆ ನಾನು ಹೊದಿಸಿದ್ದು!

ಮುಗಿಸಿದ ಕೆಲಸ ಎಂಬುದಕ್ಕೇ ಒಂದು ಪುಟ.
ಏಣಿ ಮಡಿಚಿ, ಚೆಕ್ಕು ಜೇಬಿಗಿಳಿಸಿ,
ಕೈಕುಲುಕಿ ಬಂದ ಮೇಲೂ
ಕೆಲಸ ನನ್ನದೇ ಅಂತೆ, ವರ್ಷಗಟ್ಟಲೆ.
ಎಂದೋ ಓರೆ ಹೊಡೆದ ಒಂದು ಮೊಳೆ
ಈಗ ಯಾರದೋ ಮಗುವಿನ ತೊಟ್ಟಿಲ ಮೇಲೆ
ತೊಟತೊಟ ನನ್ನ ಹೆಸರು ಹೇಳುತ್ತಿರಬಹುದು.
ಇದನ್ನು ಬರೆದ ವಕೀಲ
ಚಾವಣಿ ಹತ್ತಿರಲಿಕ್ಕಿಲ್ಲ.
ಆದರೂ ನನ್ನ ನಿದ್ದೆಯ ಗುಟ್ಟು ಅವನಿಗೆ ಗೊತ್ತು.

ಎಲ್ಲದರ ಮೇಲೊಂದು ಕೊಡೆ ಪಾಲಿಸಿ, ಹತ್ತು ಲಕ್ಷ ಡಾಲರಿನದು.
ಮಳೆ ತಡೆದು ಹೊಟ್ಟೆ ಹೊರೆಯುವವಳಿಗೆ
ಕೊಡೆ ಮಾರುತ್ತಾನಲ್ಲ! ಒಬ್ಬಳೇ ನಕ್ಕೆ.

ಹದಿನಾಲ್ಕನೆಯ ಪ್ರಶ್ನೆ: ಚಾವಣಿ ಹತ್ತುವವರು ಎಷ್ಟು ಜನ?

ಮೂರು ಅಂತ ಹೋದ ವರ್ಷ ಬರೆದಿದ್ದೆ.
ನಾನು, ಲೌರೆನೊ, ಕಂಬೋಡಿಯಾದ ಸಾರೊಂ.
ನಾಲ್ಕನೆಯವನಿಗೆ ಶುಕ್ರವಾರ ಲಕೋಟೆಯಲ್ಲಿ ನಗದು.
ತೂಕ ಕಡಿಮೆ, ಹಾಗಾಗಿ ಅಂಚಿಗೆ ಯಾವಾಗಲೂ ಅವನೇ.
ಅವನನ್ನು ಬರೆದರೆ ಕಂತು ಏಣಿ ಹತ್ತುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಎಂದಿತು ಕ್ಯಾಲ್ಕುಲೇಟರು.

ಅಷ್ಟರಲ್ಲಿ ನೆತ್ತಿಯ ಮೇಲೆ ಎರಡು ಸಲ, ಟಕ್ ಟಕ್.
ಅಣ್ಣ ಗ್ವಾಲ್ತೆರನ ಊರುಗೋಲು. ಸೂಪು ಎಲ್ಲಿ ಅಂತ.
ಅವನು ಬಿದ್ದದ್ದು ಒಂಬತ್ತೇ ಅಡಿ.
ಬೀಳುವಾಗ ಕಾಲು ಹಾಸಿಗೆಯ ಅಳತೆ ಕೇಳಲಿಲ್ಲ.
ಆಗ ನಮ್ಮಲ್ಲಿ ಯಾವ ಕಾಗದವೂ ಇರಲಿಲ್ಲ.
ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸಿಹಿರೊಟ್ಟಿ ಬೇಯಿಸಿದರು;
ಒಂದೊಂದಕ್ಕೆ ಇಪ್ಪತ್ತು ಡಾಲರು ಕೊಟ್ಟು
ಹಲ್ಲಿಲ್ಲದವರೂ ಕೊಂಡರು.
ಅದರ ಋಣಕ್ಕೆ ಇವತ್ತಿಗೂ
ಹನ್ನೊಂದು ಚಾವಣಿ ಪುಕ್ಕಟೆ ರಿಪೇರಿ ಮಾಡುತ್ತೇನೆ.

ಸೂಪು ಕೊಟ್ಟು ಇಳಿದು ಬಂದು ಬರೆದೆ: ನಾಲ್ಕು.

ಬರೆದ ಮೇಲೆ ಹೊಳೆಯಿತು, ಹುಡುಗನ ಪೂರ್ತಿ ಹೆಸರೇ ಗೊತ್ತಿಲ್ಲ.
ಹನ್ನೊಂದೂಮುಕ್ಕಾಲಿಗೆ ಫೋನು ಮಾಡಿದೆ.
ನಿದ್ದೆಗಣ್ಣಲ್ಲಿ ಎತ್ತಿ, ಮೊದಲ ಮಾತೇ,
ನನ್ನಿಂದ ಏನು ತಪ್ಪಾಯಿತು ಅಕ್ಕಾ?
ತಪ್ಪು ನಿನ್ನದಲ್ಲ, ಹೆಸರು ಹೇಳು ಅಂದೆ,
ಒಂದೊಂದೇ ಅಕ್ಷರ, ನಿಧಾನ.
ಎವರಾಲ್ಡು ಜಸಿಂತು ಫುರ್ತಾದು ಪಿಮೆಂಟೆಲ್.
ಚೌಕ ದಾಟಿ ಅಂಚಿನವರೆಗೂ ಹೋಯಿತು ಹೆಸರು,
ಅಂಚಿನಲ್ಲಿ ಒಂದು ಚೂರೂ ನಡುಗದೆ.

ಲೆಕ್ಕ ಕೂಡಬೇಕಲ್ಲ. ಕೊಡೆ ಹೊಡೆದುಹಾಕಿದೆ,
ಉಪಕರಣಗಳ ವಿಮೆಯನ್ನೂ.
ಮೇಲ್ ಕಳಿಸಿ, ಚಪ್ಪಲಿ ಮೆಟ್ಟಿ, ಟ್ರಕ್ಕಿನ ಬಾಗಿಲು ತೆಗೆದೆ.
ಮೊಳೆಗನ್ನು ಎರಡು, ತಾಮ್ರದ ಹಾಳೆಯ ಸುರುಳಿ,
ಹೆಣಭಾರದ ಕಂಪ್ರೆಸರು, ಒಂದೊಂದಾಗಿ ಎದೆಗವಚಿ
ಅಡುಗೆಮನೆಗೆ ತಂದು ಇಳಿಸಿದೆ.
ಇನ್ನು ಮೇಲೆ ದಿನಾ ರಾತ್ರಿ ಇದೇ.

ಮೇಲಿನಿಂದ ಟಕ್ ಟಕ್. ಏನದು ಸದ್ದು?
ಗಡಿಯಾರ ನೋಡಿದೆ. ಹನ್ನೆರಡು.
ಆ ಒಂದು ನಿಮಿಷ, ಕಂಪ್ರೆಸರಿನ ಮೇಲೆ ಕೈಯಿಟ್ಟು,
ಸುಮ್ಮನೆ ನಿಂತೆ.